ಕರಾವಳಿಯ ಮನೆಗೆ ಯಾವ ಮೀನು ಗಟ್ಟಿ? ಗೋಲ್ಡ್ ಫಿಶ್, ಗಪ್ಪಿ, ಫೈಟರ್, ಗೌರಾಮಿ

ಅಂಗಡಿಗೆ ಹೋಗಿ "ಬೇಗ ಸಾಯದ ಮೀನು ಕೊಡಿ" ಅಂದರೆ ಹೆಚ್ಚಾಗಿ ಗೋಲ್ಡ್ ಫಿಶ್ ತೋರಿಸುತ್ತಾರೆ. ಮಂಗಳೂರಿನ ಮನೆಗೆ ಅದು ಸರಿಯಾದ ಆಯ್ಕೆ ಅಲ್ಲ ಅನ್ನುವುದು ನನ್ನ ಅನುಭವ. ಬಿಜೈಯ ನಮ್ಮ ಮನೆಯಲ್ಲಿ ಈ ನಾಲ್ಕೂ ಜಾತಿಯನ್ನು ಬೇರೆ ಬೇರೆ ಟ್ಯಾಂಕಿನಲ್ಲಿ ಸಾಕಿ ನೋಡಿದ್ದೇನೆ. ನಾಲ್ಕೂ ಗಟ್ಟಿ ಮೀನುಗಳೇ. ಆದರೆ ಒಂದೊಂದು ತಡೆದುಕೊಳ್ಳುವ ಕಷ್ಟ ಒಂದೊಂದು ಥರ. ನಮ್ಮಲ್ಲಿ ಬರುವ ದೊಡ್ಡ ಕಷ್ಟ ಎರಡು: ಏಪ್ರಿಲ್, ಮೇ ತಿಂಗಳ ಸೆಕೆ, ಮಳೆಗಾಲದಲ್ಲಿ ಕೈಕೊಡುವ ಕರೆಂಟ್.

ಗೋಲ್ಡ್ ಫಿಶ್‌ನ ತಾಕತ್ತು ಸಣ್ಣದಲ್ಲ. ನೀರಿನಲ್ಲಿ ಆಮ್ಲಜನಕ ಮುಗಿದುಹೋದರೆ ಅದರ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಮೀನು ಆ ಆಮ್ಲವನ್ನೇ ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತದೆ! ಅದರ ಹತ್ತಿರದ ಸಂಬಂಧಿ ಕ್ರೂಷಿಯನ್ ಕಾರ್ಪ್ ಯುರೋಪಿನ ಕೆರೆಗಳಲ್ಲಿ ಮಂಜುಗಡ್ಡೆಯ ಅಡಿಯಲ್ಲಿ ಚಳಿಗಾಲ ಕಳೆಯುವುದು ಇದೇ ಉಪಾಯದಿಂದ. ಆದರೆ ಈ ಉಪಾಯ ಚೆನ್ನಾಗಿ ನಡೆಯುವುದು ಕೊರೆಯುವ ನೀರಿನಲ್ಲಿ, ಮೈಯ ಕೆಲಸವೆಲ್ಲ ನಿಧಾನ ಆದಾಗ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಸೆಕೆಗೆ ಮೀನಿಗೆ ಬೇಕಾಗುವ ಆಮ್ಲಜನಕ ಜಾಸ್ತಿ, ನೀರಿನಲ್ಲಿ ಇರುವುದು ಕಡಿಮೆ. ಮೇಲಾಗಿ ಗೋಲ್ಡ್ ಫಿಶ್ ತುಂಬಾ ತಿನ್ನುತ್ತದೆ, ತುಂಬಾ ಗಲೀಜು ಮಾಡುತ್ತದೆ. ಕರೆಂಟ್ ಹೋಗಿ ಪಂಪ್ ನಿಂತರೆ ನಾಲ್ಕರಲ್ಲಿ ಮೊದಲು ಮೇಲೆ ಬಂದು ಬಾಯಿ ತೆರೆದು ಮುಚ್ಚುವುದು ಅದೇ. ಗುಂಡು ಬಟ್ಟಲಿನಲ್ಲಿ ಇಟ್ಟರಂತೂ ಪಾಪ, ಅದು ಬದುಕುವುದಲ್ಲ, ಸಾಯದೆ ಇರುವುದು ಅಷ್ಟೆ. ದೊಡ್ಡ ಟ್ಯಾಂಕ್, ಒಳ್ಳೆಯ ಫಿಲ್ಟರ್, ಇನ್ವರ್ಟರ್ ಮೂರೂ ಇದ್ದವರು ಮಾತ್ರ ತನ್ನಿ.

ಫೈಟರ್ ಮತ್ತು ಗೌರಾಮಿ ಇದಕ್ಕೆ ಪೂರ್ತಿ ಉಲ್ಟಾ. ಎರಡೂ ಆಗ್ನೇಯ ಏಷ್ಯಾದ ಗದ್ದೆ, ಜೌಗು, ನಿಂತ ನೀರಿನ ಮೀನುಗಳು. ತಲೆಯೊಳಗೆ ಕಿವಿರಿನ ಮೇಲೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ. ಅದರಿಂದ ನೇರವಾಗಿ ಗಾಳಿ ಉಸಿರಾಡುತ್ತವೆ. ಮೊದಲ ಮಳೆಗೆ ನಮ್ಮ ಗದ್ದೆಗಳಿಗೆ ಹತ್ತಿ ಬರುವ ಮುಗುಡು ಮೀನಿಗೂ ಗಾಳಿ ಕುಡಿಯುವ ಅಂಗ ಇದೆ, ಅಲ್ವಾ? ಅಂಗ ಬೇರೆ, ಕೆಲಸ ಅದೇ. ಜೂನ್‌ನ ಗಾಳಿಮಳೆಗೆ ಮರ ಬಿದ್ದು ರಾತ್ರಿಯೆಲ್ಲಾ ಕರೆಂಟ್ ಇಲ್ಲದಾಗ ಟಾರ್ಚ್ ಹಾಕಿ ನೋಡಿದರೆ ಗೌರಾಮಿ ಎಂದಿನ ಹಾಗೆ ಮೆಲ್ಲಗೆ ಮೇಲೆ ಬಂದು, ಒಂದು ಗುಟುಕು ಗಾಳಿ ತೆಗೆದುಕೊಂಡು ಕೆಳಗೆ ಹೋಗುತ್ತಿತ್ತು. ಅದಕ್ಕೆ ಪಂಪ್ ನಿಂತದ್ದು ಗೊತ್ತೇ ಆದಂತಿರಲಿಲ್ಲ.

ಹಾಗಂತ ಇವನ್ನು ಕೊಳಕು ನೀರಿನಲ್ಲಿ ಬಿಡಬಾರದು. ಗಾಳಿ ಮೇಲಿಂದ ಸಿಕ್ಕಿದರೂ ಮೀನಿನ ಗಲೀಜಿನಿಂದ ನೀರಿಗೆ ಸೇರುವ ಅಮೋನಿಯ ಕಿವಿರನ್ನು ಸುಡುತ್ತದೆ. ಫೈಟರ್‌ನ ಉದ್ದ ರೆಕ್ಕೆಯ ಅಂಚು ಕರಗಿದಂತೆ ಹರಿದಿದ್ದರೆ ಮೊದಲು ನೀರು ಬದಲಿಸಿ, ಔಷಧ ಆಮೇಲೆ. ಎರಡು ಗಂಡು ಫೈಟರ್ ಒಟ್ಟಿಗೆ ಬೇಡವೇ ಬೇಡ. ನಾಲ್ಕೈದು ಜಾತಿ ಸೇರಿಸಿ ಟ್ಯಾಂಕ್ ಮಾಡುವವರಿಗೆ ಗೌರಾಮಿಯೇ ಒಳ್ಳೆಯದು, ಜಾಗ ಕಡಿಮೆ ಇದ್ದರೆ ಒಂಟಿ ಫೈಟರ್.

ಗಪ್ಪಿ ವಿಷಯದಲ್ಲಿ ತೊಂದರೆ ಕೊಟ್ಟದ್ದು ಸೆಕೆ ಅಲ್ಲ, ಬಾವಿ ನೀರು. ಮುರಕಲ್ಲಿನ ನೆಲದ ನಮ್ಮ ಬಾವಿ ನೀರು ತುಂಬಾ ಮೆದು, ಸ್ವಲ್ಪ ಹುಳಿ ಗುಣದ್ದು. ಗಪ್ಪಿಗೂ ಅದರ ಸಂಬಂಧಿ ಮೋಲಿ ಮೀನಿಗೂ ಖನಿಜ ಇರುವ ಗಡಸು ನೀರು ಬೇಕು. ಮೆದು ನೀರಿನಲ್ಲಿ ರೆಕ್ಕೆ ಮುದುಡಿಕೊಂಡು ಇದ್ದಲ್ಲೇ ನಡುಗುತ್ತಾ ನಿಲ್ಲುತ್ತವೆ. ನಮ್ಮಲ್ಲಿ ಇದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ: ಮರುವಾಯಿ (ಕಪ್ಪೆಚಿಪ್ಪು) ಸಾರು ಮಾಡಿದ ಮೇಲೆ ಉಳಿಯುವ ಚಿಪ್ಪು. ಮಾಂಸದ ಚೂರೂ ಇಲ್ಲದಂತೆ ತಿಕ್ಕಿ, ಬರೀ ನೀರಿನಲ್ಲಿ ಮತ್ತೊಮ್ಮೆ ಕುದಿಸಿ, ಒಣಗಿಸಿ ಫಿಲ್ಟರ್ ಬದಿಗೆ ಒಂದು ಮುಷ್ಟಿ ಹಾಕಿದೆ. ಚಿಪ್ಪು ಅಂದರೆ ಸುಣ್ಣ ತಾನೆ? ಹುಳಿ ನೀರಿನಲ್ಲಿ ಮೆಲ್ಲಗೆ ಕರಗುತ್ತದೆ. ಕೆಲವು ತಿಂಗಳ ನಂತರ ತೆಗೆದು ನೋಡಿದರೆ ಚಿಪ್ಪಿನ ಹೊಳಪು ಹೋಗಿ ಅಂಚು ಸೀಮೆಸುಣ್ಣದಂತೆ ಬೆಳ್ಳಗಾಗಿತ್ತು. ಗಪ್ಪಿಗಳು ರೆಕ್ಕೆ ಬಿಚ್ಚಿ ಓಡಾಡುತ್ತಿದ್ದವು. ಫೈಟರ್, ಗೌರಾಮಿಗಳಿಗೆ ಈ ಚಿಪ್ಪು ಬೇಕಾಗಲಿಲ್ಲ, ಮೆದು ನೀರು ಅವಕ್ಕೆ ಹಿತ.

ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು. ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕಿ.

ಕರೆಂಟ್ ಹೋದಾಗ ಏನು ಮಾಡುವುದು ಅನ್ನುವುದನ್ನೂ ಹೋಲಿಸಿ ನೋಡಿದ್ದೇನೆ. ತಂಬಿಗೆಯಲ್ಲಿ ಟ್ಯಾಂಕಿನದೇ ನೀರು ಮೊಗೆದು ಒಂದು ಗೇಣು ಮೇಲಿಂದ ಸುರಿದು ನೀರಿಗೆ ಗಾಳಿ ಸೇರಿಸುವುದು ಕೆಲಸ ಮಾಡುತ್ತದೆ, ಆದರೆ ರಾತ್ರಿಯಿಡೀ ಯಾರು ಕೂರುತ್ತಾರೆ? ಇನ್ವರ್ಟರ್ ಚೆನ್ನಾಗಿದೆ, ದುಬಾರಿ. ನನಗೆ ಸರಿ ಹೊಂದಿದ್ದು ಚಾರ್ಜ್ ಆಗುವ ಸಣ್ಣ ಏರ್ ಪಂಪ್ ಮತ್ತು ಸ್ಪಂಜ್ ಫಿಲ್ಟರ್. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಥರದ್ದು ಸಿಗುತ್ತದೆ. ಸ್ಪಂಜ್ ಗಾಳಿಯಿಂದಲೇ ನಡೆಯುವುದರಿಂದ ಅದರೊಳಗಿನ, ಅಮೋನಿಯ ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಗಳೂ ಉಳಿಯುತ್ತವೆ. ಮುಚ್ಚಿದ ಡಬ್ಬಿಯ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗೆ ನೀರು ಕೊಳೆಯುತ್ತದೆ. ತೊಳೆಯದೆ ಆನ್ ಮಾಡಬೇಡಿ. ಕರೆಂಟ್ ಬರುವ ತನಕ ಊಟವೂ ಬೇಡ.

ಸೆಕೆಗೆ ನೀರಿನ ಮೇಲೆ ಫ್ಯಾನ್ ಬಿಡುವ ಉಪಾಯ ಮೈಸೂರಿನ ಒಣ ಹವೆಯಲ್ಲಿ ನಡೆಯುವಷ್ಟು ಇಲ್ಲಿ ನಡೆಯುವುದಿಲ್ಲ. ನಮ್ಮ ಗಾಳಿಯಲ್ಲೇ ಅಷ್ಟು ನೀರಿದೆ. ಟ್ಯಾಂಕನ್ನು ಪಶ್ಚಿಮದ ಕಿಟಕಿಯಿಂದ ದೂರ ಇಡುವುದೇ ಹೆಚ್ಚು ಉಪಯೋಗ. ಹೀಟರ್ ನಮಗೆ ಬೇಕಾಗಿಯೇ ಇಲ್ಲ.

ಇನ್ನು ಮುಚ್ಚಳ. ಒಮ್ಮೆ ಫೈಟರ್ ಪೈಪಿನ ಸಂದಿಯಿಂದ ಹಾರಿ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದಿತ್ತು. ಬಣ್ಣ ಮಾಸಿತ್ತು, ಬಾಲಕ್ಕೆ ಧೂಳು ಮೆತ್ತಿತ್ತು. ಕೈ ಒದ್ದೆ ಮಾಡಿ ಎತ್ತಿ ನೀರಿಗೆ ಬಿಟ್ಟೆ. ಸ್ವಲ್ಪ ಹೊತ್ತು ಓರೆಯಾಗಿ ಬಿದ್ದುಕೊಂಡು, ಆಮೇಲೆ ಮೇಲೆ ಬಂದು ಗಾಳಿ ಕುಡಿಯಿತು. ಮೈ ಒದ್ದೆ ಇರುವ ತನಕ ಗಾಳಿ ಕುಡಿಯುವ ಮೀನಿಗೆ ಅವಕಾಶ ಇದೆ. ಗಾಜಿನ ಮುಚ್ಚಳಕ್ಕಿಂತ ಸೊಳ್ಳೆ ಪರದೆಯ ಜಾಲರಿ ನನಗೆ ಇಷ್ಟ: ಸೆಕೆ ಕೂಡುವುದಿಲ್ಲ, ಪೈಪಿನ ಸುತ್ತಲೂ ಸಂದಿ ಇಲ್ಲದಂತೆ ಕತ್ತರಿಸಿ ಕಟ್ಟಬಹುದು.