ನಾಲ್ಕು ರಿಫರ್ಬಿಶ್ಡ್ ಲ್ಯಾಪ್‌ಟಾಪ್, ಎರಡು ವರ್ಷದ ಬಳಕೆ: ಯಂತ್ರ ಗಟ್ಟಿ, ಬ್ಯಾಟರಿ ಮಾತ್ರ ಕೇಳಿ ತಗೊಳ್ಳಿ

ಎರಡು ವರ್ಷದ ಹಿಂದೆ ನಮ್ಮ ಸಣ್ಣ ಆಫೀಸಿಗೆ ನಾಲ್ಕು ಲ್ಯಾಪ್‌ಟಾಪ್ ಬೇಕಾಗಿದ್ದವು. ಲೆಕ್ಕಪತ್ರ, ಪುಟವಿನ್ಯಾಸ, ಒಂದಷ್ಟು ಪತ್ರ ವ್ಯವಹಾರ, ವಾರಕ್ಕೆರಡು ವಿಡಿಯೊ ಮೀಟಿಂಗ್. ನಮ್ಮ ಕೆಲಸ ಇಷ್ಟೇ. ಹೊಸದು ಬೇಡ, ರಿಫರ್ಬಿಶ್ಡ್ ತರೋಣ ಅಂತ ನಾಲ್ಕೂ ಜನ ಕೂತು ತೀರ್ಮಾನ ಮಾಡಿದೆವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ವಾಪಸ್ ಮಾಡಿದ ಯಂತ್ರಗಳನ್ನು ಬಿಚ್ಚಿ, ಧೂಳು ತೆಗೆದು, ಕೆಟ್ಟ ಭಾಗ ಬದಲಿಸಿ, ವಾರಂಟಿ ಸಮೇತ ಮಾರುತ್ತಾರೆ. ನಾವು ತಂದಿದ್ದು ಅಂಥದ್ದು. ಮಾರಿದವರ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಒಳ್ಳೆಯದೂ ಕೆಟ್ಟದ್ದೂ ಈ ವ್ಯಾಪಾರದ ಯಾರ ಹತ್ತಿರ ಹೋದರೂ ಎದುರಾಗಬಹುದು, ಹಾಗಾಗಿ ಹೆಸರಿಗಿಂತ ಏನು ಕೇಳಬೇಕು ಅನ್ನುವುದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲೇ ಅಂಕ ಹೇಳಿಬಿಡುತ್ತೇನೆ. ಯಂತ್ರಗಳಿಗೆ ಐದಕ್ಕೆ ನಾಲ್ಕೂವರೆ. ಡೇಟಾ ಅಳಿಸಿದ ಕೆಲಸಕ್ಕೆ ಐದಕ್ಕೆ ಐದು. ಬ್ಯಾಟರಿಗೆ ಐದಕ್ಕೆ ಒಂದು.

ಹಳೆಯದನ್ನೇ ಯಾಕೆ ತಂದೆವು ಅಂದರೆ, ಲ್ಯಾಪ್‌ಟಾಪ್ ಪರಿಸರಕ್ಕೆ ಮಾಡುವ ಹಾನಿಯಲ್ಲಿ ದೊಡ್ಡ ಪಾಲು ಅದು ನಮ್ಮ ಮೇಜಿಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಗಣಿಯಿಂದ ಲೋಹ ತೆಗೆಯುವುದು, ಚಿಪ್ ಮಾಡುವುದು, ಸ್ಕ್ರೀನ್ ಮಾಡುವುದು, ಎಲ್ಲ ಸೇರಿ. ದೊಡ್ಡ ತಯಾರಕರು ತಮ್ಮ ಹೆಚ್ಚಿನ ಮಾದರಿಗಳಿಗೆ ಇಂಗಾಲದ ಲೆಕ್ಕ ಪ್ರಕಟಿಸುತ್ತಾರೆ, ಅದನ್ನು ತೆಗೆದು ನೋಡಿ. ಮಾದರಿಗೆ ತಕ್ಕ ಹಾಗೆ ತಯಾರಿಕೆಯೊಂದರಲ್ಲೇ ಸುಮಾರು 100ರಿಂದ 250 ಕೆ.ಜಿ. ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಹೊಗೆ ಬರುತ್ತದೆ. ಒಟ್ಟು ಲೆಕ್ಕದಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಭಾಗ ಇದೇ.

ಹೊಸ ಯಂತ್ರ ಕರೆಂಟ್ ಕಡಿಮೆ ತಿನ್ನುತ್ತದಲ್ಲ ಅಂತ ನಮ್ಮಲ್ಲೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸಾಕೆಟ್‌ಗೆ ಸಿಕ್ಕಿಸುವ ಮೀಟರ್ ಒಂದನ್ನು ತಂದು ಅಳೆದೆ. ನಮ್ಮ ಥರದ ಕೆಲಸಕ್ಕೆ ಸರಾಸರಿ 15 ವ್ಯಾಟ್ ಬಂತು. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಅಂದರೆ 30 ಯೂನಿಟ್. ಹೊಸದು 10 ವ್ಯಾಟ್‌ನಲ್ಲೇ ಕೆಲಸ ಮುಗಿಸುತ್ತದೆ ಅಂತಿಟ್ಟುಕೊಳ್ಳಿ, ಉಳಿಯುವುದು ವರ್ಷಕ್ಕೆ 10 ಯೂನಿಟ್. ಯೂನಿಟ್‌ಗೆ ಅರ್ಧ ಕೆ.ಜಿ. ಹೊಗೆ ಹಿಡಿದರೆ 5 ಕೆ.ಜಿ. ಆಯಿತು. ತಯಾರಿಕೆಯ ಹೊಗೆ ಕನಿಷ್ಠ 100 ಕೆ.ಜಿ. ಅಂದುಕೊಂಡರೂ ಅದನ್ನು ಈ ಉಳಿತಾಯದಲ್ಲಿ ತೀರಿಸಲು 20 ವರ್ಷ ಬೇಕು. ಅಷ್ಟು ವರ್ಷ ಯಾವ ಲ್ಯಾಪ್‌ಟಾಪ್ ಬಾಳುತ್ತದೆ ಹೇಳಿ. ಆದರೆ ಇದೇ ಲೆಕ್ಕವನ್ನು ಹಳೇ ಫ್ರಿಜ್‌ಗೋ ಹಳೇ ಬಲ್ಬಿಗೋ ಹಾಕಬೇಡಿ. 60 ವ್ಯಾಟಿನ ತಂತಿ ಬಲ್ಬಿನಷ್ಟೇ ಬೆಳಕನ್ನು ಎಲ್‌ಇಡಿ 8-9 ವ್ಯಾಟ್‌ನಲ್ಲಿ ಕೊಡುತ್ತದೆ. ಅಲ್ಲಿ ಬಳಕೆಯ ಕರೆಂಟೇ ದೊಡ್ಡದು, ಬದಲಿಸುವುದೇ ಸರಿ. ಲ್ಯಾಪ್‌ಟಾಪ್‌ನಲ್ಲಿ ಉಲ್ಟಾ.

ನಾಲ್ಕು ಪೆಟ್ಟಿಗೆ ಬಂದವು. ಪ್ರತಿಯೊಂದರ ಮೇಲೂ ಹಸಿರು ಎಲೆಯ ಸ್ಟಿಕ್ಕರ್, ನೀವು ಇಷ್ಟು ಕೆ.ಜಿ. ಇಂಗಾಲ ಉಳಿಸಿದ್ದೀರಿ ಅಂತ. ಈ ಸ್ಟಿಕ್ಕರ್ ನನಗೆ ಒಪ್ಪಿಗೆಯಾಗಲಿಲ್ಲ. ಹೊಸದನ್ನು ಕೊಳ್ಳುವ ಜಾಗದಲ್ಲಿ ಇದನ್ನು ಕೊಂಡರೆ ಮಾತ್ರ ಆ ಉಳಿತಾಯ ನಿಜ. ಇರುವುದು ಚೆನ್ನಾಗಿ ನಡೆಯುತ್ತಿರುವಾಗ ಸುಮ್ನೆ ಇನ್ನೊಂದು ಇರಲಿ ಅಂತ ತಂದರೆ ಉಳಿದಿದ್ದು ಏನೂ ಇಲ್ಲ. ಒಂದೇ ವರ್ಷಕ್ಕೆ ಅದು ಮೂಲೆ ಸೇರಿದರೂ ಅಷ್ಟೇ. ಕೊಳ್ಳುವ ದಿನವೇ ಅಚ್ಚು ಹಾಕಿ ಕೊಡುವ ಲೆಕ್ಕ ಅಲ್ಲ ಅದು, ಎಷ್ಟು ವರ್ಷ ಓಡಿತು ಅಂತ ನೋಡಿ ಆಮೇಲೆ ಹಾಕಬೇಕಾದದ್ದು.

ಯಂತ್ರಗಳ ಬಗ್ಗೆ. ಕಂಪನಿಗಳಿಗೆಂದೇ ಮಾಡುವ ಸರಣಿಗಳಿರುತ್ತವೆ, ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಈ ಥರದ್ದು. ರಿಫರ್ಬಿಶ್ಡ್ ಮಾರುಕಟ್ಟೆಯಲ್ಲಿ ಇವೇ ಜಾಸ್ತಿ. ಇವನ್ನು ನಾನು ಇಷ್ಟಪಡುವ ಕಾರಣ ಸರಳ: ಬಿಚ್ಚಬಹುದು. ಕೆಳಗಿನ ಮುಚ್ಚಳದ ಸ್ಕ್ರೂ ತೆಗೆದರೆ ಬ್ಯಾಟರಿ, ಫೈಲುಗಳು ಕೂರುವ ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಕಣ್ಣೆದುರು. ಯಾವ ಸ್ಕ್ರೂ ಎಲ್ಲಿ, ಯಾವ ಕೇಬಲ್ ಮೊದಲು ಅಂತ ಚಿತ್ರ ಸಮೇತ ತಿಳಿಸುವ ರಿಪೇರಿ ಕೈಪಿಡಿಯನ್ನು ತಯಾರಕರೇ ಉಚಿತವಾಗಿ ಇಟ್ಟಿರುತ್ತಾರೆ. ಪುಟವಿನ್ಯಾಸದವರ ಯಂತ್ರದಲ್ಲಿ ರ‍್ಯಾಮ್ 8 ಜಿಬಿ ಇತ್ತು, ಸಾಲುತ್ತಿರಲಿಲ್ಲ. ಖಾಲಿ ಸ್ಲಾಟ್‌ಗೆ ಇನ್ನೊಂದು 8 ಹಾಕಿದೆ. ಹತ್ತು ನಿಮಿಷದ ಕೆಲಸ. ಇತ್ತೀಚಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ಸಾಲದು ಅನ್ನಿಸಿದ ದಿನ ಇಡೀ ಯಂತ್ರವನ್ನೇ ಬದಲಿಸಬೇಕು. ಕೊಳ್ಳುವ ಮುಂಚೆ ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ.

ಒಂದು ಲ್ಯಾಪ್‌ಟಾಪ್‌ನ ಸ್ಕ್ರೀನ್ ಸ್ವಲ್ಪ ಮಂಕು. ಇನ್ನೊಂದರ ಮುಚ್ಚಳದ ಮೇಲೆ ಗೀರು. ಬಿ ಗ್ರೇಡ್ ಅಂತ ಹೇಳಿಯೇ ಕೊಟ್ಟಿದ್ದರು, ದೂರಿಲ್ಲ. ಎರಡು ವರ್ಷದಲ್ಲಿ ಕೀಬೋರ್ಡ್, ಹಿಂಜ್, ಪೋರ್ಟ್ ಯಾವುದೂ ಕೈ ಕೊಟ್ಟಿಲ್ಲ.

ಪ್ರೊಸೆಸರ್ ಆರಿಸುವಾಗ ಮಾತ್ರ ಹಟ ಹಿಡಿದೆ. ಅವರು ಮೊದಲು ತೋರಿಸಿದ್ದು ಏಳನೇ ತಲೆಮಾರಿನ ಇಂಟೆಲ್ ಯಂತ್ರ, ನೋಡಲು ಚೆನ್ನಾಗಿತ್ತು. ಆದರೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲುತ್ತದೆ ಅಂತ ಆಗಲೇ ಘೋಷಣೆಯಾಗಿತ್ತು, ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಏಳನೆಯದನ್ನು ತಂದಿದ್ದರೆ ಈಗ ತಲೆನೋವಾಗುತ್ತಿತ್ತು. ಯಂತ್ರ ಗಟ್ಟಿಯಾಗಿದ್ದರೂ ಸಾಫ್ಟ್‌ವೇರ್ ಕೈಬಿಟ್ಟಿತು ಅನ್ನುವ ಒಂದೇ ಕಾರಣಕ್ಕೆ ಗುಜರಿಗೆ ಹೋಗುವುದು ನನಗೆ ನಿಜಕ್ಕೂ ಬೇಸರದ ವಿಷಯ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಎಸೆಯುವ ಮುಂಚೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ ನೋಡಿ. ನಮ್ಮ ಮನೆಯಲ್ಲಿ 2013ರ ಲ್ಯಾಪ್‌ಟಾಪ್ ಒಂದು ಲಿನಕ್ಸ್ ಮಿಂಟ್‌ನಲ್ಲಿ ಇವತ್ತಿಗೂ ಓಡುತ್ತಿದೆ, ಮಗಳ ಓದು ಬರಹ ಎಲ್ಲ ಅದರಲ್ಲೇ.

ನಾಲ್ಕರಲ್ಲಿ ಒಂದು ಯಂತ್ರ ಮೊದಲ ವಾರವೇ ಗೋಳು ಹೊಯ್ದುಕೊಂಡಿತು. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್‌ಗೆ ಜೋಡಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರು ತೋರಿಸಿ, ಅಲ್ಲಿನ ಉದ್ಯೋಗಿಯ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ ಅಂತ ನಿಂತುಬಿಟ್ಟಿತು. ಏನಾಗಿತ್ತು ಅಂದರೆ, ಹಳೇ ಮಾಲೀಕ ಕಂಪನಿ ತನ್ನ ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಆನ್‌ಲೈನ್ ನಿರ್ವಹಣೆಯ ಪಟ್ಟಿಯಲ್ಲಿ ನೋಂದಾಯಿಸಿಟ್ಟಿರುತ್ತದೆ, ಮಾರುವಾಗ ಈ ಒಂದನ್ನು ಪಟ್ಟಿಯಿಂದ ತೆಗೆಯುವುದು ಮರೆತಿದ್ದಾರೆ. ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ, ಗುರುತು ಹಿಡಿಯುವುದು ಯಂತ್ರದ ಒಳಗಿನ ಹಾರ್ಡ್‌ವೇರನ್ನೇ. ಮಾರಿದವರು ಆರು ದಿನದಲ್ಲಿ ಬೇರೆ ಕೊಟ್ಟರು, ಅದಕ್ಕೆ ಧನ್ಯವಾದ. ವಾರಂಟಿ ಇಲ್ಲದವರ ಕೈಗೆ ಸಿಕ್ಕಿದ್ದರೆ? ಎಲ್ಲ ಭಾಗವೂ ಸರಿಯಿರುವ ಯಂತ್ರ, ಪಟ್ಟಿಯ ಒಂದು ಸಾಲಿನಿಂದಾಗಿ ಕಸವಾಗುತ್ತಿತ್ತು. ಕಂಪನಿಗಳಲ್ಲಿ ಐಟಿ ವಿಭಾಗ ನೋಡಿಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಯಂತ್ರ ಕೊಡುವ ದಿನ ಆ ಸಾಲನ್ನು ಅಳಿಸಿ. ಒಂದು ನಿಮಿಷ ಸಾಕು.

ಕಸ ಅಂದೆನಲ್ಲ, ಅದರ ಗಾತ್ರ ಗೊತ್ತಾದ ಮೇಲೆ ನನಗೆ ಈ ವಿಷಯದಲ್ಲಿ ಸುಮ್ಮನಿರಲು ಆಗುತ್ತಿಲ್ಲ. ವಿಶ್ವಸಂಸ್ಥೆಯ ಐಟಿಯು ಮತ್ತು ಯುನಿಟಾರ್ ಸಂಸ್ಥೆಗಳ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂದಿದೆ. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ ದಾಖಲೆ ಇರುವುದು 22.3%ಗೆ ಮಾತ್ರ. ಮಿಕ್ಕಿದ್ದು ಕಸದ ಗುಂಡಿ, ಬೆಂಕಿ, ಇಲ್ಲವೇ ಕೈಗವಸೂ ಇಲ್ಲದೆ ಬೋರ್ಡ್ ಸುಟ್ಟು ಲೋಹ ತೆಗೆಯುವ ಬಡವರ ಅಂಗಳ.

ಡೇಟಾ ವಿಷಯಕ್ಕೆ ಪೂರ್ತಿ ಅಂಕ ಯಾಕೆ ಕೊಟ್ಟೆ ಅಂದರೆ, ನಮ್ಮ ಹಳೇ ಎರಡು ಯಂತ್ರಗಳನ್ನು ಈ ನಾಲ್ಕನ್ನು ಮಾರಿದವರಿಗೇ ಕೊಟ್ಟೆವು. ಗ್ರಾಹಕರ ಲೆಕ್ಕಗಳಿದ್ದ ಡಿಸ್ಕ್, ಭಯ ಇತ್ತು. ಬರೀ ಫಾರ್ಮ್ಯಾಟ್ ಹೊಡೆದರೆ ಫೈಲುಗಳನ್ನು ಎಷ್ಟೋ ಸಲ ವಾಪಸ್ ತೆಗೆಯಬಹುದು. ಇವರು ಡೇಟಾ ವಾಪಸ್ ತೆಗೆಯಲಾಗದ ಹಾಗೆ ಅಳಿಸಲು ಇರುವ ಅಮೆರಿಕದ ನಿಸ್ಟ್ 800-88 ಮಾರ್ಗಸೂಚಿ ಅನುಸರಿಸಿ ಅಳಿಸಿ, ಡಿಸ್ಕಿನ ಸೀರಿಯಲ್ ನಂಬರ್ ಸಮೇತ ಪ್ರಮಾಣಪತ್ರ ಕಳಿಸಿದರು. ಎಷ್ಟೋ ಆಫೀಸುಗಳು ಹಳೇ ಲ್ಯಾಪ್‌ಟಾಪ್‌ಗಳನ್ನು ಬೀರುವಿನಲ್ಲಿ ಕೊಳೆಹಾಕುವುದು ಈ ಒಂದು ಭಯಕ್ಕೇ ಅಲ್ವಾ? ಆ ಭಯ ಹೋಗಲಾಡಿಸಿದರೆ ಯಂತ್ರ ಇನ್ನೊಬ್ಬರಿಗೆ ಸಿಗುತ್ತದೆ.

ಈಗ ಬ್ಯಾಟರಿ.

ಕೊಳ್ಳುವಾಗ ನಾಲ್ಕಕ್ಕೂ ಹೊಸ ಬ್ಯಾಟರಿ ಹಾಕಿದ್ದೇವೆ ಅಂದಿದ್ದರು. ನಾನು ಖುಷಿಪಟ್ಟು ಮುಂದೆ ಕೇಳಲಿಲ್ಲ. ಒಂಬತ್ತು ತಿಂಗಳಿಗೆ ಒಂದು ಯಂತ್ರದ ಟಚ್‌ಪ್ಯಾಡ್ ಒತ್ತಲು ಬರಲಿಲ್ಲ. ಧೂಳು ಇರಬೇಕು ಅಂತ ಎರಡು ದಿನ ಕಳೆಯಿತು. ಮೂರನೇ ದಿನ ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತಿದೆ, ತಳ ಸಮ ಇಲ್ಲ. ಬಿಚ್ಚಿ ನೋಡಿದರೆ ಬ್ಯಾಟರಿ ದಿಂಬಿನ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ತಳ್ಳುತ್ತಿತ್ತು. ಅದರ ಮೇಲೆ ಯಂತ್ರ ಮಾಡಿದವರ ಗುರುತಿಲ್ಲ, ಅದಕ್ಕೆ ಹೊಂದುವ ಹಾಗೆ ಬೇರೆ ಯಾರೋ ಮಾಡಿದ ಅಗ್ಗದ ಬದಲಿ ಮಾಲು. ಲಿಥಿಯಂ ಬ್ಯಾಟರಿಯ ಒಳಗಿನ ದ್ರವ ಕೆಟ್ಟು ಅನಿಲವಾದಾಗ ಹೀಗೆ ಉಬ್ಬುತ್ತದೆ, ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನಿಮಗೆ ಹೀಗಾದರೆ ತಕ್ಷಣ ಚಾರ್ಜರ್ ತೆಗೆಯಿರಿ, ಒತ್ತಬೇಡಿ, ಮಾಮೂಲಿ ಕಸದ ಬುಟ್ಟಿಗಂತೂ ಹಾಕಲೇಬೇಡಿ. ನಾನು ಲೋಹದ ಡಬ್ಬಿಯಲ್ಲಿ ಒಣ ಮರಳಿನ ನಡುವೆ ಇಟ್ಟು ಹೊರಗಡೆ ನೆರಳಿನಲ್ಲಿ ಇರಿಸಿದೆ.

ಮಾರಿದವರಿಗೆ ಫೋನ್ ಮಾಡಿದೆ. ಬ್ಯಾಟರಿಗೆ ಆರು ತಿಂಗಳ ವಾರಂಟಿ ಮಾತ್ರ ಅಂದರು, ಆಯಿತು ಅಂದೆ. ಕೆಟ್ಟದ್ದನ್ನು ವಾಪಸ್ ತಗೊಳ್ಳಿ ಅಂದರೆ, "ಇಲ್ಲ ಮೇಡಂ, ನಮ್ಮ ಹತ್ರ ಆ ವ್ಯವಸ್ಥೆ ಇಲ್ಲ" ಅಂದರು. ಸಿಟ್ಟು ಬಂದಿದ್ದು ಇಲ್ಲಿ. ಪೆಟ್ಟಿಗೆಗೆ ಹಸಿರು ಎಲೆ ಅಂಟಿಸುವವರು ತಾವೇ ಹಾಕಿದ ಬ್ಯಾಟರಿಯನ್ನು ವಾಪಸ್ ತಗೊಳ್ಳಲು ಒಂದು ಡಬ್ಬಿ ಇಟ್ಟಿಲ್ಲ ಅಂದರೆ ಹೇಗೆ? ಮೊದಲು ಇದ್ದ ಬ್ಯಾಟರಿಗಳನ್ನು ಎಲ್ಲಿಗೆ ಕಳಿಸಿದಿರಿ ಅಂತಲೂ ಕೇಳಿದೆ. ಉತ್ತರ ಸಿಗಲಿಲ್ಲ. ಕೊನೆಗೆ ಇ-ತ್ಯಾಜ್ಯ ಸಂಗ್ರಹಿಸುವವರನ್ನು ನಾನೇ ಹುಡುಕಿ ಕೊಟ್ಟು ಬಂದೆ, ಮತ್ತು ತಯಾರಕರದ್ದೇ ಬ್ಯಾಟರಿ ತರಿಸಿ ಹಾಕಿದೆ. ಉಳಿದ ಮೂರರಲ್ಲೂ ಅದೇ ಬದಲಿ ಮಾಲು ಇತ್ತು, ಉಬ್ಬುವುದಕ್ಕೆ ಕಾಯದೆ ಅವನ್ನೂ ಬದಲಿಸಿದೆ. ಇಷ್ಟು ಖರ್ಚು ಕೊಳ್ಳುವ ದಿನ ಲೆಕ್ಕದಲ್ಲಿ ಇರಲಿಲ್ಲ.

ಅಂದಿನಿಂದ ಎಲ್ಲದರಲ್ಲೂ ಚಾರ್ಜ್ 80%ಗೆ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದ್ದೇನೆ. ದಿನವಿಡೀ ಪ್ಲಗ್‌ನಲ್ಲಿರುವ ಯಂತ್ರ 100%ರಲ್ಲೇ ಬಿಸಿಯಾಗಿ ಕೂತಿದ್ದರೆ ಬ್ಯಾಟರಿ ಬೇಗ ಮುದಿಯಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ಸಾಧನಗಳ ಸಣ್ಣ ಬ್ಯಾಟರಿಗಳನ್ನು ಬಳಸುವವರೇ ಸುಲಭವಾಗಿ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮ ಬರುತ್ತಿದೆ. ಫ್ರಾನ್ಸ್‌ನಲ್ಲಿ 2021ರಿಂದಲೇ ಲ್ಯಾಪ್‌ಟಾಪ್ ಮೇಲೆ ರಿಪೇರಿಗೆ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕುತ್ತಿದ್ದಾರೆ. ಹಸಿರು ಎಲೆಗಿಂತ ನನಗೆ ಆ ಅಂಕವೇ ಬೇಕು. ಅದನ್ನು ನೋಡಿ ಕೊಂಡರೆ ಮುಂದೆ ಸ್ಕ್ರೂ ಬಿಚ್ಚುವ ದಿನ ಏನು ಕಾದಿದೆ ಅಂತ ಗೊತ್ತಿರುತ್ತದೆ.

ನೀವು ಕೊಳ್ಳುವುದಾದರೆ ಹಣ ಕೊಡುವ ಮುಂಚೆ ಬ್ಯಾಟರಿ ರಿಪೋರ್ಟ್ ಕೇಳಿ. ವಿಂಡೋಸ್‌ನಲ್ಲೇ ಅದನ್ನು ತೆಗೆಯುವ ಕಮಾಂಡ್ ಇದೆ, ಮಾರುವವರಿಗೆ ಗೊತ್ತಿರುತ್ತದೆ. ಅದರಲ್ಲಿ ಎರಡು ಸಂಖ್ಯೆ ನೋಡಿ: ಹೊಸದರಲ್ಲಿ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ತುಂಬಿದರೆ ಎಷ್ಟು ಹಿಡಿಯುತ್ತದೆ. ಬ್ಯಾಟರಿ ಯಾರು ಮಾಡಿದ್ದು ಅಂತ ಅದರಲ್ಲೇ ಇರುತ್ತದೆ, ಜೊತೆಗೆ ಬ್ಯಾಟರಿಯ ಫೋಟೊ ಕೂಡ ಕೇಳಿ. ಬೇರೆಯವರು ಮಾಡಿದ ಹೊಸ ಬದಲಿ ಬ್ಯಾಟರಿಗಿಂತ, ಮೊದಲು ಹಿಡಿಯುತ್ತಿದ್ದುದರ 80%ಗಿಂತ ಹೆಚ್ಚು ಈಗಲೂ ಹಿಡಿಯುವ ಮೂಲ ಬ್ಯಾಟರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತಲೂ ಉಚಿತ ಪ್ರೋಗ್ರಾಂಗಳು ತೋರಿಸುತ್ತವೆ, ಅದರ ಚಿತ್ರವನ್ನೂ ಕಳಿಸಲು ಹೇಳಿ. ಕೊಡಲು ಹಿಂದೇಟು ಹಾಕಿದರೆ ಬೇರೆಯವರ ಹತ್ತಿರ ಹೋಗಿ.

ಆಫೀಸಿಗೆ ಮುಂದಿನ ತಿಂಗಳು ಐದನೆಯವರು ಸೇರುತ್ತಿದ್ದಾರೆ. ಯಂತ್ರ ಚೆನ್ನಾಗಿ ಕೊಡುತ್ತಾರೆ ಅಂತ ಮತ್ತೆ ಮೊದಲು ಮಾರಿದವರ ಹತ್ತಿರವೇ ಕೇಳಿದೆ, ಆದರೆ ಬ್ಯಾಟರಿ ಬದಲಿಸಬೇಡಿ, ಇರುವುದರ ರಿಪೋರ್ಟ್ ಕಳಿಸಿ ಅಂತ ಹೇಳಿದೆ. ಇವತ್ತು ಬೆಳಿಗ್ಗೆ ಬಂತು. ಹೊಸದರಲ್ಲಿ 57,000 ಮಿಲಿವ್ಯಾಟ್-ಅವರ್, ಈಗ 49,600. ಲೆಕ್ಕ ಹಾಕಿದರೆ 87%. ತಯಾರಕರದ್ದೇ ಬ್ಯಾಟರಿ. ಆರ್ಡರ್ ಮಾಡಿದ್ದೇನೆ.