ಅಂಗೈಯಲ್ಲಿ ಅಲುಗಾಡದ ಹಲ್ಲಿಗೆ 18,000 ರೂಪಾಯಿ ತೆತ್ತೆ

ಪುಣೆಯಲ್ಲಿ ಯಾರಾದರೂ ನಿಮಗೆ ಕ್ರೊಕೊಡೈಲ್ ಸ್ಕಿಂಕ್ ಮಾರಲು ಬಂದರೆ, ದುಡ್ಡು ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಕಳುಹಿಸಿ ಕೆಟ್ಟೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಈಗಲೂ ಅರ್ಧ ಬೆಲೆಯನ್ನಷ್ಟೇ ಹೇಳಿದ್ದೇನೆ.

ಧಾರವಾಡದ ನಮ್ಮ ಹಿತ್ತಲಲ್ಲಿ ಹಾವುರಾಣಿ ಓಡಾಡುತ್ತಿತ್ತಲ್ಲ, ಅದರದೇ ಬಳಗ ಇದು. ಮೂಲ ನ್ಯೂಗಿನಿಯ ಮಳೆಕಾಡು. ಗೇಣುದ್ದದ ಕಪ್ಪು ಮೈ, ಬೆನ್ನ ಮೇಲೆ ಮೊಸಳೆಯ ಹಾಗೆ ಮುಳ್ಳಿನ ಸಾಲು, ಕಣ್ಣಿನ ಸುತ್ತ ಕಿತ್ತಳೆ ಬಣ್ಣದ ಬಳೆ. ಹಿಂದೆಂದೂ ಹಲ್ಲಿ ಸಾಕದ ನಾನು ಮರುಳಾದೆ.

ಮಾರುವವನು ಒಂದು ವಿಡಿಯೊ ಕಳುಹಿಸಿದ. ಅವನ ಅಂಗೈಯ ಮೇಲೆ ಪ್ರಾಣಿ ಬೊಂಬೆಯಂತೆ ಕೂತಿದೆ. ಅಂಗಾತ ಮಲಗಿಸಿದರೂ ಮಿಸುಕುವುದಿಲ್ಲ. ‘ನೋಡಿ ಸರ್, ಎಷ್ಟು ಪಳಗಿದೆ! ಮೊದಲ ಸಲ ಸಾಕುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ’ ಎಂದ. ನಾನು ಬಿದ್ದದ್ದು ಇಲ್ಲೇ. ಇಲ್ಲೇ! ಅದು ಹೆದರಿ ಮರಗಟ್ಟಿತ್ತು. ಅಪಾಯ ಕಂಡರೆ ಸತ್ತಂತೆ ಬಿದ್ದುಕೊಳ್ಳುವುದು ಈ ಜಾತಿಯ ಗುಣವಂತೆ. ಆ ಭಯವನ್ನೇ ನಾನು ಪ್ರೀತಿ ಎಂದುಕೊಂಡೆ. ಮಗಳ ಕೈಗೂ ಕೊಟ್ಟು ಫೋಟೊ ತೆಗೆದೆ. ಆ ಫೋಟೊ ಈಗ ನೋಡಲಾಗುವುದಿಲ್ಲ.

ಪೂರ್ತಿ ಹಣ ಮುಂಗಡವಾಗಿಯೇ ಹೋಯಿತು. ಸ್ವಾರಗೇಟ್‌ನಲ್ಲಿ ಒಬ್ಬ ಹುಡುಗ ಬಂದು, ತೂತು ಹೊಡೆದ ಮಿಠಾಯಿ ಡಬ್ಬಿಯೊಂದನ್ನು ಕೈಗಿಟ್ಟು ಹೋದ. ಜೊತೆಗೆ ಬಿಸಿ ಬಲ್ಬು, ಒಣ ಮರಳು. ಅದಕ್ಕೆ ಬೇರೆ 3,500. ತೇವದ ಎಲೆಯಡಿ, ತಂಪಿನಲ್ಲಿ ಬದುಕುವ ಪ್ರಾಣಿಗೆ ಮರುಭೂಮಿಯ ಸಾಮಾನು! ಇದಕ್ಕೆ ಬೇಕಾದದ್ದು ಸುಮಾರು 24ರಿಂದ 28 ಡಿಗ್ರಿ, ಗಾಳಿಯಲ್ಲಿ ಶೇ 70ಕ್ಕೂ ಹೆಚ್ಚು ತೇವ. ಏಪ್ರಿಲ್‌ನ ಪುಣೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ಹೊರಗೆ 40 ಡಿಗ್ರಿ, ಒಗೆದ ಬಟ್ಟೆ ಅರ್ಧ ಗಂಟೆಗೆ ಒಣಗುತ್ತಿತ್ತು. ಅದರ ಮೇಲೆ ನಾನು ಬಲ್ಬು ಬೇರೆ ಹಚ್ಚಿದೆ.

ಮೂರನೆಯ ದಿನ ಎತ್ತಿಕೊಂಡಾಗ ಕೀಂ ಎಂದು ಚೀರಿತು. ಹಲ್ಲಿ ಚೀರುವುದನ್ನು ಅದೇ ಮೊದಲು ಕೇಳಿದ್ದು. ಗಾಬರಿಯಾಗಿ ಅವನಿಗೆ ಸಂದೇಶ ಕಳುಹಿಸಿದರೆ, ‘ನಿಮ್ಮನ್ನು ಮಾತನಾಡಿಸುತ್ತಿದೆ ಸರ್’ ಎಂದ. ಮಾತನಾಡಿಸುತ್ತಿದೆಯಂತೆ!

ಹಾಕಿದ ಮಿಡತೆಗಳನ್ನು ಮೂಸಿಯೂ ನೋಡಲಿಲ್ಲ. ಒಂಬತ್ತನೆಯ ದಿನಕ್ಕೆ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು, ಬೆರಳುಗಳಿಗೆ ಹಳೆಯ ಪೊರೆ ಅಂಟಿಕೊಂಡಿತ್ತು. ಹಲ್ಲಿ ನೋಡುವ ಪಶುವೈದ್ಯರನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಮಲದಲ್ಲಿ ಹುಳುಗಳಿವೆ, ಕಾಡಿನಿಂದ ಹಿಡಿದು ತಂದದ್ದಿರಬೇಕು ಎಂದರು ಅವರು. ನನಗೆ ಮಾರಿದ್ದು ‘ಮನೆಯಲ್ಲೇ ಹುಟ್ಟಿ ಬೆಳೆದ ಮರಿ’ ಎಂದು. ಹನ್ನೊಂದನೆಯ ದಿನ ಬೆಳಿಗ್ಗೆ ಅಲುಗಾಡದೆ ಬಿದ್ದಿತ್ತು. ನಟಿಸುತ್ತಿದೆ ಎಂದುಕೊಂಡು ಮಧ್ಯಾಹ್ನದವರೆಗೂ ಕಾದೆ.

ಅವನಿಗೆ ತಿಳಿಸಿದೆ. ‘ನೀವೇ ಅತಿಯಾಗಿ ಮುಟ್ಟಿದ್ದೀರಿ.’ ಕೈಯಲ್ಲಿ ಹಿಡಿದು ತೋರಿಸಿದವನು ನೀನೇ ಅಲ್ಲವೇನಯ್ಯಾ? ಆಮದಿನ ಕಾಗದ ಕೇಳಿದೆ. ‘ಹಲ್ಲಿಗೆ ಎಂಥ ಕಾಗದ ಸರ್?’ ದೂರು ಕೊಡುತ್ತೇನೆ ಎಂದೆ. ‘ಕೊಡಿ. ಸಾಕಿದ್ದು ನೀವು, ಮೊದಲು ಕೇಳುವುದೂ ನಿಮ್ಮನ್ನೇ.’ ಆಮೇಲೆ ನನ್ನ ಸಂಖ್ಯೆಯನ್ನೇ ಬ್ಲಾಕ್ ಮಾಡಿದ.

ಅಮ್ಮ ಕೇಳಿದ್ದು ಒಂದೇ ಮಾತು: ‘ಗೋಡೆಯ ಮೇಲಿನ ಹಲ್ಲಿಗೆ ಯಾರು ದುಡ್ಡು ಕೊಟ್ಟಿದ್ದರಪ್ಪಾ?’

ವಿಡಿಯೊ ನೋಡಿ ಕೊಳ್ಳಬೇಡಿ. ಅದು ಮೇಯುವುದನ್ನು ಕಣ್ಣಾರೆ ಕಾಣದೆ, ಕಾಗದ ಕೈಗೆ ಬಾರದೆ ಒಂದು ರೂಪಾಯಿಯೂ ಬೇಡ. ಮೊದಲ ಸಲದವರಾದರೆ ಈ ಪ್ರಾಣಿಯನ್ನು ಬಿಟ್ಟೇಬಿಡಿ. ಬದುಕಿದ್ದರೂ ಅದು ದಿನವಿಡೀ ಅಡಗಿಯೇ ಇರುತ್ತದೆ, ನಿಮಗೆ ಕಾಣುವುದು ಎಲೆಗಳು ಮಾತ್ರ.

ನಿನ್ನೆ ಹೊಸ ಹೆಸರಿನ ಖಾತೆಯಿಂದ ಗೆಳೆಯನಿಗೆ ಒಂದು ವಿಡಿಯೊ ಬಂದಿದೆ. ಅದೇ ಅಂಗೈ, ಅದೇ ಉಂಗುರ, ಅಂಗಾತ ಮಲಗಿದ ಅದೇ ಪ್ರಾಣಿ. ಬೆಲೆ ಮಾತ್ರ 20,000.