ಬಾಟಲಿ, ಪ್ಲೇಟು, ಎಟಿಪಿ ಮೀಟರು: ಚಂದ್ರವಳ್ಳಿ ನೀರಿಗೆ ಮೂರನ್ನೂ ಹಚ್ಚಿ ನೋಡಿದಾಗ

ಚಿತ್ರದುರ್ಗದ ಚಂದ್ರವಳ್ಳಿ ಕೆರೆಯ ನೀರು, ಮನೆಯ ಬೋರ್‌ವೆಲ್ ನೀರು, ಚಳ್ಳಕೆರೆ ಕಡೆಯ ಒಣ ಕೆಂಪು ಮಣ್ಣು. ಇವುಗಳಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಮೂರು ಬಗೆಯಲ್ಲಿ ಅಳೆದೆ.

ಅಗ್ಗದ್ದು ಹೈಡ್ರೋಜನ್ ಸಲ್ಫೈಡ್ ಬಾಟಲಿ. ನೀರು ತುಂಬಿಸಿ ಒಂದೆರಡು ದಿನ ಬಿಟ್ಟು ನೋಡಿ, ಕಪ್ಪಾದರೆ ಮಲದ ಕಲಬೆರಕೆಯ ಶಂಕೆ. ದುರ್ಗದ ಬೇಸಿಗೆಯಲ್ಲಿ ಇನ್‌ಕ್ಯುಬೇಟರ್ರೂ ಬೇಡ. ಆದರೆ ಮಣ್ಣಿನ ಕೆಲವು ಸಾಧು ಬ್ಯಾಕ್ಟೀರಿಯಾಗಳೂ ಕಪ್ಪು ಮಾಡುತ್ತವೆ. ಕುಡಿಯುವ ನೀರಿಗೆ ಸರಿ, ಎಣಿಕೆಗೆ ಅಲ್ಲ.

ಪ್ಲೇಟು ನಿಧಾನ. ನೀರನ್ನು ಹತ್ತು ಪಟ್ಟು, ನೂರು ಪಟ್ಟು ತೆಳುಮಾಡಿ ಅಗಾರ್ ಎಂಬ ಆಹಾರ ಬೆರೆತ ಜೆಲ್ಲಿಯ ಮೇಲೆ ಹರಡಿ, ಬ್ಯಾಕ್ಟೀರಿಯಾ ಬೆಳೆದು 30ರಿಂದ 300 ಚುಕ್ಕೆ ಎದ್ದ ತಟ್ಟೆಯನ್ನೇ ಎಣಿಸಬೇಕು. ಸಾರವತ್ತಾದ ನ್ಯೂಟ್ರಿಯೆಂಟ್ ಅಗಾರ್‌ಗಿಂತ ಬಡವಾದ ಆರ್2ಎ ಮೇಲೆ ಕೆರೆ ನೀರಿನ ಚುಕ್ಕೆ ಹೆಚ್ಚು. ಉಪವಾಸ ಬಿದ್ದು ಒಗ್ಗಿದವಕ್ಕೆ ಹಬ್ಬದೂಟ ಸೇರುವುದಿಲ್ಲ. ಆದರೂ ಸೂಕ್ಷ್ಮದರ್ಶಕದಲ್ಲಿ ಕಾಣುವುದರಲ್ಲಿ ಶೇಕಡಾ ಒಂದರಷ್ಟೂ ತಟ್ಟೆಯಲ್ಲಿ ಬೆಳೆಯದಿರುವುದು ಮಾಮೂಲು.

ಎಲ್ಲರ ಕಣ್ಣು ಇರುವುದು ಎಟಿಪಿ ಮೀಟರಿನ ಮೇಲೆ. ಎಟಿಪಿ ಅಂದರೆ ಜೀವಕೋಶಗಳು ಶಕ್ತಿಗಾಗಿ ಬಳಸುವ ಅಣು. ಮಿಂಚುಹುಳದ ಲೂಸಿಫೆರೇಸ್ ಕಿಣ್ವಕ್ಕೆ ಎಟಿಪಿ ಸಿಕ್ಕರೆ ಬೆಳಕು, ನಿಮಿಷದೊಳಗೆ ಅಂಕಿ. ಆದರೆ ಅದರಲ್ಲಿ ಪಾಚಿಯ ಪಾಲೂ ಇದೆ, ಸತ್ತ ಕೋಶದಿಂದ ಸೋರಿದ್ದೂ ಇದೆ. ಕೆರೆ ನೀರನ್ನು ಕುದಿಸಿ, ಆರಿಸಿ ಪ್ಲೇಟಿಗೂ ಮೀಟರಿಗೂ ಹಾಕಿದೆ. ಪ್ಲೇಟಿನಲ್ಲಿ ಕುದಿಸಿದರೂ ಸಾಯದ ಬೀಜಾಣುಗಳಿಂದ ಎದ್ದ ಒಂದೆರಡು ಚುಕ್ಕೆ ಬಿಟ್ಟರೆ ಏನಿಲ್ಲ. ಮೀಟರು ಮಾತ್ರ ಏನೂ ಆಗಿಲ್ಲವೆಂಬಂತೆ ದೊಡ್ಡ ಅಂಕಿಯನ್ನೇ ತೋರಿಸಿತು. ಕುದಿಸುವುದೇ ಕೋಶದಿಂದ ಎಟಿಪಿ ಹೊರತೆಗೆಯುವ ಹಳೆಯ ಕ್ರಮ ಅಂದಮೇಲೆ ಸೋಜಿಗವೇನಿಲ್ಲ. ಚಳ್ಳಕೆರೆಯ ಮಣ್ಣಿಗೆ ಮೀಟರು ಇನ್ನೂ ಕಷ್ಟ, ಕಣಗಳೇ ಬೆಳಕಿಗೆ ಅಡ್ಡ ಬರುತ್ತವೆ.

 

ಪ್ಲೇಟು-ಮೀಟರುಗಳ ಈ ಜಗಳ ಮಂಗಳ ಗ್ರಹಕ್ಕೂ ಹೋಗಿ ಬಂದಿದೆ. 1960ರ ದಶಕದಲ್ಲೇ ನಾಸಾದ ಎಮ್ಮೆಟ್ ಚಾಪೆಲ್, ಅನ್ಯಗ್ರಹದ ಜೀವ ಹುಡುಕಲು ಮಿಂಚುಹುಳದ ಬೆಳಕು ಬಳಸುವ ದಾರಿ ನೋಡಿದ್ದರು. 1976ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ನೌಕೆಗಳಲ್ಲಿ ಹೋದದ್ದು ಪ್ಲೇಟಿನ ಬಳಗದ, ಅಂದರೆ ಆಹಾರ ಹಾಕಿ ಕಾದು ನೋಡುವ ಪ್ರಯೋಗ. ಕೊಳಚೆ ನೀರಿನ ಪರೀಕ್ಷೆಯಿಂದ ಬಂದ ಗಿಲ್ಬರ್ಟ್ ಲೆವಿನ್, ಮಣ್ಣಿಗೆ ವಿಕಿರಣಶೀಲ ಕಾರ್ಬನ್-14 ಬೆರೆತ ಆಹಾರದ ಹನಿ ಹಾಕಿಸಿದರು. ಯಾವುದಾದರೂ ಜೀವಿ ತಿಂದರೆ ಆ ಕಾರ್ಬನ್ ಅನಿಲವಾಗಿ ಹೊರಬರಬೇಕು. ಅನಿಲ ಬಂತು. ಜೀವವಿದ್ದರೆ ಸಾಯಲೆಂದು 160 ಡಿಗ್ರಿಗೆ ಮೂರು ಗಂಟೆ ಕಾಯಿಸಿದ ಮಣ್ಣಿನಿಂದ ಬರಲಿಲ್ಲ. ಎರಡನೇ ಹನಿ ಹಾಕಿದಾಗ ಹೊಸ ಅನಿಲ ಹೊಮ್ಮುವ ಬದಲು ಇದ್ದದ್ದೂ ಇಳಿಯಿತು. ತಿಂದು ಮರಿ ಮಾಡುವ ಜೀವವಾಗಿದ್ದರೆ ಹೆಚ್ಚಬೇಕಿತ್ತಲ್ಲ? 2008ರಲ್ಲಿ ಫೀನಿಕ್ಸ್ ನೌಕೆ ಆ ಗ್ರಹದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ಕಂಡಮೇಲೆ, ಅನಿಲ ಬಂದದ್ದು ಜೀವದಿಂದಲ್ಲ, ಮಣ್ಣಿನ ರಾಸಾಯನಿಕ ಕ್ರಿಯೆಯಿಂದ ಎಂಬ ವಾದಕ್ಕೇ ಬಲ ಬಂತು. ಲೆವಿನ್ ಮಾತ್ರ 2021ರಲ್ಲಿ ತೀರಿಕೊಳ್ಳುವವರೆಗೂ ಪಟ್ಟು ಬಿಡಲಿಲ್ಲ.

ಅದಕ್ಕೇ ನನ್ನ ವೋಟು ಪ್ಲೇಟಿಗೆ. ಕಡಿಮೆ ಎಣಿಸುತ್ತದೆ, ನಿಜ. ಆದರೆ ಅದರ ಮೇಲಿನ ಚುಕ್ಕೆ ಒಂದಿದ್ದದ್ದು ಲಕ್ಷಗಟ್ಟಲೆ ಆದ ಪುರಾವೆ. ಮೀಟರು ಆಸ್ಪತ್ರೆಯ ಮೇಜು, ಹೋಟೆಲ್ ಅಡುಗೆಮನೆ ಒರೆಸಿದ್ದು ಸಾಕೋ ಇಲ್ಲವೋ ನೋಡಲು ಇರಲಿ. ಅದರ ಸ್ವಾಬುಗಳನ್ನು ಫ್ರಿಜ್ಜಿನಲ್ಲೇ ಇಡಬೇಕು, ಏಪ್ರಿಲ್‌ನಲ್ಲಿ ಕರೆಂಟು ಹೋದರೆ ಅವುಗಳ ಗತಿ ನಿಮಗೇ ಗೊತ್ತು.